ಬಂದರಿಗೆ ಮರಳಿ ಬರುವ ಚಿತ್ರಗಳು

ಮಂಗಳೂರಿನ ಬಂದರ್ ಪ್ರದೇಶವನ್ನು ಒಮ್ಮೆಯಾದರೂ ಕಂಡವರಿಗೆ ಅಲ್ಲಿಯ ಗಾಳಿಯ ಪರಿಚಯವನ್ನು ಬೇರೆಯಾಗಿ ಮಾಡಿಕೊಡಬೇಕಾಗಿಲ್ಲ. ಕೊಬ್ಬರಿ, ಒಣಮೀನು, ಕರಿಮೆಣಸು, ಹೊಸ ಗೋಣಿ, ಡೀಸೆಲ್ ಎಣ್ಣೆ ಇವೆಲ್ಲವೂ ಒಂದರೊಳಗೊಂದು ಬೆರೆತು, ನೇತ್ರಾವತಿ-ಫಲ್ಗುಣಿಗಳ ಅಳಿವೆಯ ಉಪ್ಪುಗಾಳಿಯಲ್ಲಿ ತೇಲಿ ಬರುವ ಆ ವಾಸನೆ ಬೇರಾವ ಊರಿನಲ್ಲಿಯೂ ದೊರೆಯುವಂಥದಲ್ಲ. ಅಜೀಜುದ್ದೀನ್ ರಸ್ತೆಯಿಂದ ದಕ್ಕೆಯವರೆಗೆ ನಡೆದು ಹೋಗುವಷ್ಟರಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲೆಯಾಳ, ಕನ್ನಡಗಳು ಕಿವಿಯ ಮೇಲೆ ಬೀಳುತ್ತವೆ. ಒಂದು ಕಡೆ ಲಕ್ಷದ್ವೀಪಕ್ಕೆ ಹೊರಡಲಿರುವ ಮಂಜಿಗೆ ಸಾಮಾನು ತುಂಬುತ್ತಿರುತ್ತಾರೆ; ಇನ್ನೊಂದು ಕಡೆ ಬೆಂಗ್ರೆಗೆ ಹೋಗುವ ದೋಣಿ ಜನಕ್ಕಾಗಿ ಕಾಯುತ್ತಿರುತ್ತದೆ.

ಒಂಬೈನೂರು ವರ್ಷಗಳಿಗೂ ಹಿಂದಿನಿಂದ ಹೊರನಾಡಿನ ಸರಕು ಈ ತೀರಕ್ಕೆ ಬಂದಿದೆ. ಇಲ್ಲಿಯ ಸರಕು ಹೊರನಾಡಿಗೆ ಹೋಗಿದೆ. 1974ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿದ ಮೇಲೆ ದೊಡ್ಡ ಹಡಗುಗಳ ವ್ಯವಹಾರ ಅತ್ತ ಸರಿಯಿತು. ಹಳೆಯ ಬಂದರಿನ ಪಾಲಿಗೆ ಉಳಿದುದು ದ್ವೀಪದ ವ್ಯಾಪಾರ, ಮೀನು ಮತ್ತು ಮಂಡಿಗಳು. ಆದರೆ ಈಚಿನ ವರ್ಷಗಳಲ್ಲಿ ಹೊಸದೊಂದು ಸರಕು ಸದ್ದಿಲ್ಲದೆ ಈ ಬೀದಿಗಳಿಗೆ ಬರತೊಡಗಿದೆ. ಅದಕ್ಕೆ ಸುಂಕವಿಲ್ಲ, ಹಮಾಲಿಯಿಲ್ಲ, ತಕ್ಕಡಿಯೂ ಬೇಕಿಲ್ಲ. ಕಲೆ, ಇತಿಹಾಸ, ಸಂಸ್ಕೃತಿಗಳನ್ನು ಕುರಿತ ಸಾಕ್ಷ್ಯಚಿತ್ರಗಳೇ ಆ ಸರಕು. ಅಂತರ್ಜಾಲದ ಮೂಲಕ ಅವು ಮಂಡಿಯ ಗಲ್ಲಾಪೆಟ್ಟಿಗೆಯ ಮೇಲಿರುವ ಮೊಬೈಲಿಗೂ ಮನೆಯ ಪಡಸಾಲೆಯ ಟೀವಿಗೂ ಬಂದು ಇಳಿಯುತ್ತಿವೆ.

ಇದನ್ನು ಕೇವಲ ಹೊತ್ತು ಕಳೆಯುವ ಸಾಧನವೆಂದು ತಳ್ಳಿಬಿಡುವವರುಂಟು. ‘ಎಲ್ಲವನ್ನೂ ಕುಳಿತಲ್ಲೇ ನೋಡಿಬಿಟ್ಟರೆ ಓದುವವರಾರು, ಊರು ಸುತ್ತುವವರಾರು?’ ಎಂದು ಕೇಳುವ ಹಿರಿಯರೂ ಇದ್ದಾರೆ. ಆ ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದು ಹೇಳಲಾಗದು. ಆದರೂ ನನ್ನ ಮಟ್ಟಿಗೆ ಈ ವಿಷಯದಲ್ಲಿ ಬೇರೊಂದು ಮಾತು ಹೆಚ್ಚು ಮುಖ್ಯವಾಗಿ ತೋರುತ್ತದೆ. ನಮ್ಮ ಊರಿನ ನೆನಪುಗಳ ದೊಡ್ಡ ಭಾಗವೊಂದು ನಮ್ಮ ಊರಿನಲ್ಲಿ ಇಲ್ಲ. ಅದು ದೂರದ ದೇಶಗಳ ಭಂಡಾರಗಳಲ್ಲಿದೆ. ಅಂತರ್ಜಾಲ ಅದನ್ನು ಈಗ ಮನೆಗೆ ಮರಳಿಸುತ್ತಿದೆ. ಮರಳಿಸುವಾಗ ಪರಭಾಷೆಯ ವ್ಯಾಖ್ಯಾನವನ್ನೂ ಪರರು ಅಂಟಿಸಿದ ಹೆಸರನ್ನೂ ಜೊತೆಗೇ ತರುತ್ತಿದೆ. ಆ ಹೆಸರುಗಳನ್ನು ಸರಿಯಾಗಿ ಓದಬಲ್ಲವರು ನಮ್ಮ ಮನೆಗಳ ಹಿರಿಯರು. ಅವರು ನಮಗಾಗಿ ಎಷ್ಟು ಕಾಲ ಕಾಯಬಲ್ಲರು ಎಂಬುದೇ ಪ್ರಶ್ನೆ.

ಕಡ್ಡಾಯದ ಚಿತ್ರ, ಇಚ್ಛೆಯ ಚಿತ್ರ

ಸಾಕ್ಷ್ಯಚಿತ್ರ ನಮಗೆ ಹೊಸದೇನೂ ಅಲ್ಲ. ಭಾರತ ಸರಕಾರದ ಫಿಲ್ಮ್ಸ್ ಡಿವಿಜನ್ ಸಂಸ್ಥೆ 1948ರಲ್ಲಿ ಆರಂಭವಾಯಿತು. ಮುಂದೆ ಹಲವು ದಶಕಗಳ ಕಾಲ ದೇಶದ ಪ್ರತಿಯೊಂದು ಚಿತ್ರಮಂದಿರವೂ ಮುಖ್ಯ ಚಿತ್ರಕ್ಕೆ ಮೊದಲು ಆ ಸಂಸ್ಥೆಯ ವಾರ್ತಾಚಿತ್ರವನ್ನೋ ಸಾಕ್ಷ್ಯಚಿತ್ರವನ್ನೋ ಕಡ್ಡಾಯವಾಗಿ ತೋರಿಸಬೇಕಾಗಿತ್ತು. ನಮ್ಮ ತಂದೆ-ತಾಯಿಗಳ ಪೀಳಿಗೆಯವರನ್ನು ಕೇಳಿದರೆ ಆ ಕಪ್ಪು-ಬಿಳುಪು ಚಿತ್ರಗಳನ್ನೂ ಅವುಗಳ ಹಿನ್ನೆಲೆಯ ಗಂಭೀರವಾದ ದನಿಯನ್ನೂ ನಗುತ್ತಲೇ ನೆನೆಯುತ್ತಾರೆ. ಚಿತ್ರ ಪ್ರಾರಂಭವಾಗಿದೆಯೆಂದು ಅವಸರದಿಂದ ಒಳಗೆ ನುಗ್ಗಿದವರು ಅದು ‘ಸರಕಾರದ ಚಿತ್ರ’ವೆಂದು ತಿಳಿದು ನೆಲಗಡಲೆ ಕೊಳ್ಳಲು ಪುನಃ ಹೊರಗೆ ಹೋಗುತ್ತಿದ್ದರಂತೆ!

ಕಡ್ಡಾಯವೆಂಬ ಒಂದೇ ಕಾರಣದಿಂದ ಒಳ್ಳೆಯ ವಸ್ತುವಿಗೂ ಬೆಲೆ ಬರದೆ ಹೋಗುವುದುಂಟು. ದೇಶದ ಪ್ರಥಮ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳನ್ನು 1954ರಲ್ಲಿ ಕೊಟ್ಟಾಗ ಸಾಕ್ಷ್ಯಚಿತ್ರದ ಅತ್ಯುನ್ನತ ಪ್ರಶಸ್ತಿ ದೊರೆತುದು ಜಗತ್ ಮುರಾರಿಯವರು ಇದೇ ಸಂಸ್ಥೆಗಾಗಿ ತೆಗೆದ ‘ಮಹಾಬಲಿಪುರಂ’ ಚಿತ್ರಕ್ಕೆ. ಪಲ್ಲವರ ಶಿಲ್ಪವನ್ನು ಕುರಿತ ಚಿತ್ರವದು. ಸತ್ಯಜಿತ್ ರಾಯ್ ಅವರು 1972ರಲ್ಲಿ ತೆಗೆದ ‘ದಿ ಇನ್ನರ್ ಐ’ ಕೂಡ ಈ ಸಂಸ್ಥೆಯದೇ. ಕಣ್ಣು ಕಾಣದಂತಾದ ಮೇಲೆಯೂ ಚಿತ್ರರಚನೆಯನ್ನು ಬಿಡದ ವಿನೋದಬಿಹಾರಿ ಮುಖರ್ಜಿಯವರನ್ನು ಕುರಿತ ಆ ಸುಮಾರು ಇಪ್ಪತ್ತು ನಿಮಿಷಗಳ ಚಿತ್ರವನ್ನು ನೋಡಿದವರು, ಕಣ್ಣಿರುವ ನಾವು ಎಷ್ಟನ್ನು ನೋಡುತ್ತೇವೆ ಎಂದು ತಮ್ಮನ್ನು ತಾವೇ ಕೇಳಿಕೊಳ್ಳದೆ ಇರಲಾರರು.

ಕನ್ನಡದ ಮಟ್ಟಿಗೆ ಹೇಳುವುದಾದರೆ ಗಿರೀಶ ಕಾರ್ನಾಡರು 1972ರಲ್ಲಿ ದ. ರಾ. ಬೇಂದ್ರೆಯವರನ್ನು ಕುರಿತೂ 1988ರಲ್ಲಿ ಕನಕದಾಸ-ಪುರಂದರದಾಸರನ್ನು ಕುರಿತೂ ಸಾಕ್ಷ್ಯಚಿತ್ರಗಳನ್ನು ಮಾಡಿದರು. ಯು. ಆರ್. ಅನಂತಮೂರ್ತಿಯವರನ್ನು ಕುರಿತು ಗಿರೀಶ ಕಾಸರವಳ್ಳಿಯವರೂ ಬಿ. ವಿ. ಕಾರಂತರನ್ನು ಕುರಿತು ಪಿ. ಎನ್. ರಾಮಚಂದ್ರ ಅವರೂ ಚಿತ್ರಗಳನ್ನು ತೆಗೆದಿದ್ದಾರೆ. ಬೇಂದ್ರೆಯವರು ತೀರಿಕೊಂಡುದು 1981ರಲ್ಲಿ. ಇಂದು ನನ್ನ ತರಗತಿಯಲ್ಲಿ ಕುಳಿತಿರುವ ಹುಡುಗರು ಹುಟ್ಟುವ ಎಷ್ಟೋ ಮೊದಲೇ ಹೋದವರು. ಪುಸ್ತಕದಲ್ಲಿ ಅಚ್ಚಾದ ಹೆಸರೊಂದು ತೆರೆಯ ಮೇಲೆ ಮನುಷ್ಯನಾಗಿ ಎದ್ದು ಬಂದಾಗ ಆ ಹುಡುಗರ ಮುಖದಲ್ಲಿ ಆಗುವ ಬದಲಾವಣೆ, ಅಧ್ಯಾಪಕನಾದವನಿಗೆ ಸಣ್ಣ ಸಂತೋಷವಲ್ಲ.

ಹಿಂದೆ ಇಂಥ ಚಿತ್ರ ಒಂದು ವಾರ ಟಾಕೀಸಿನಲ್ಲಿ ಓಡಿ ಡಬ್ಬಿ ಸೇರಿದರೆ ಪುನಃ ಅದರ ಮುಖ ಕಾಣುವುದು ಪುಣ್ಯವಿದ್ದವರಿಗೆ ಮಾತ್ರ. ಫಿಲ್ಮ್ಸ್ ಡಿವಿಜನ್ ಸಂಸ್ಥೆ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಯಿತು. ಆದರೆ ಅದರ ಚಿತ್ರಗಳಲ್ಲಿ ಅನೇಕವನ್ನು ಯೂಟ್ಯೂಬಿನಲ್ಲಿ ಯಾರು ಬೇಕಾದರೂ ನೋಡಬಹುದು. ಶ್ಯಾಮ್ ಬೆನಗಲ್ ಅವರು ನೆಹರೂ ಅವರ ಗ್ರಂಥವನ್ನು ಆಧರಿಸಿ 1988ರಲ್ಲಿ ದೂರದರ್ಶನಕ್ಕೆ ಮಾಡಿದ ‘ಭಾರತ್ ಏಕ್ ಖೋಜ್’ ಮಾಲಿಕೆಯ 53 ಕಂತುಗಳೂ ದೊರೆಯುತ್ತವೆ. ಬ್ರಿಟಿಷ್ ಪಾಥೆ ಎಂಬ ಹಳೆಯ ವಾರ್ತಾಚಿತ್ರ ಸಂಸ್ಥೆ 2014ರಲ್ಲಿ ತನ್ನ 85,000 ಚಿತ್ರಗಳನ್ನು ಒಟ್ಟಿಗೇ ಅಂತರ್ಜಾಲಕ್ಕೆ ಬಿಟ್ಟಿತು. ಬ್ರಿಟಿಷ್ ಫಿಲ್ಮ್ ಇನ್ಸ್ಟಿಟ್ಯೂಟ್ 2017ರಲ್ಲಿ, 1899ರಿಂದ 1947ರವರೆಗಿನ ಭಾರತದ ಚಿತ್ರಗಳನ್ನು ಸಾರ್ವಜನಿಕರಿಗೆ ತೆರೆಯಿತು. ಟಿಕೆಟಿಲ್ಲದ ಇಂಥ ಟಾಕೀಸನ್ನು ನಮ್ಮ ಹಿರಿಯರು ಕನಸಿನಲ್ಲಿಯೂ ಕಂಡಿರಲಾರರು.

ನಮ್ಮ ಊರು ಪರದೇಶದಲ್ಲಿ

ಬಂದರಿನ ಕಥೆಯನ್ನೇ ತೆಗೆದುಕೊಳ್ಳೋಣ. ಅದರ ಮೂಲ ಸಾಮಗ್ರಿಯನ್ನು ಹುಡುಕಿಕೊಂಡು ಹೊರಟರೆ ಎಲ್ಲೆಲ್ಲಿಗೆ ಹೋಗಬೇಕಾಗುತ್ತದೆ ಎಂಬುದು ಆಶ್ಚರ್ಯಕರವಾಗಿದೆ.

ತುನೀಸಿಯ ದೇಶದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕ 1132ರಿಂದ 1149ರವರೆಗೆ, ಸುಮಾರು ಹದಿನೇಳು ವರ್ಷ ಈ ತೀರದಲ್ಲಿದ್ದ. ಮೆಣಸು, ಅಡಿಕೆ, ಕಬ್ಬಿಣಗಳ ವ್ಯಾಪಾರ ಮಾಡಿದ. ಅಶು ಎಂಬ ಇಲ್ಲಿಯ ಹೆಣ್ಣಿನೊಡನೆ ಸಂಸಾರ ಹೂಡಿದ. ಏಡನ್ನಿನ ವರ್ತಕರು ಅವನಿಗೆ ಬರೆದ ಪತ್ರಗಳು, ಅವನದೇ ಲೆಕ್ಕದ ಚೀಟಿಗಳು ಕೈರೋ ನಗರದ ಹಳೆಯ ಯೆಹೂದಿ ಪ್ರಾರ್ಥನಾಮಂದಿರದ ಕೋಣೆಯೊಂದರಲ್ಲಿ ಶತಮಾನಗಳ ಕಾಲ ಬಿದ್ದಿದ್ದು, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೇಂಬ್ರಿಜ್ಜಿನ ಗ್ರಂಥಭಂಡಾರವನ್ನು ಸೇರಿದವು. ಇಂದು ಆ ಭಂಡಾರದ ಕಾಗದಗಳ ಚಿತ್ರಗಳನ್ನು ಬಂದರಿನಲ್ಲಿ ಕುಳಿತೇ ನೋಡಬಹುದು.

ಇಲ್ಲೊಂದು ಸ್ವಾರಸ್ಯವಿದೆ. ಬೆನ್ ಯಿಜುವಿನ ಪರವಾಗಿ ಏಡನ್ನಿಗೆ ಹೋಗಿ ಬಂದು ವ್ಯವಹಾರ ನಡೆಸುತ್ತಿದ್ದ ಇಲ್ಲಿಯ ಸೇವಕನೊಬ್ಬನ ಹೆಸರು ಆ ಪತ್ರಗಳಲ್ಲಿ ಬರುತ್ತದೆ. ಆ ಲಿಪಿಯಲ್ಲಿ ಸ್ವರಗಳನ್ನು ಪೂರ್ತಿಯಾಗಿ ಬರೆಯುವ ಪದ್ಧತಿಯಿಲ್ಲವಾದುದರಿಂದ ಪಾಶ್ಚಾತ್ಯ ವಿದ್ವಾಂಸರು ಅದನ್ನು ‘ಬಾಮ’ ಎಂದು ಓದಿಕೊಂಡಿದ್ದರು. ಲೇಖಕ ಅಮಿತಾವ್ ಘೋಷ್ ಅವರು ಇದರ ಬೆನ್ನುಹತ್ತಿ ಮಂಗಳೂರಿಗೇ ಬಂದರು. ತುಳು ಜಾನಪದದ ವಿದ್ವಾಂಸರಾದ ಬಿ. ಎ. ವಿವೇಕ ರೈಗಳ ನೆರವಿನಿಂದ ಆ ಹೆಸರು ‘ಬೊಮ್ಮ’ ಎಂದು ಹೊಳೆಯಿತು. 1992ರಲ್ಲಿ ಪ್ರಕಟವಾದ ಅವರ ‘ಇನ್ ಆನ್ ಆಂಟಿಕ್ ಲ್ಯಾಂಡ್’ ಗ್ರಂಥದಲ್ಲಿ ಈ ವೃತ್ತಾಂತವಿದೆ. ಕೇಂಬ್ರಿಜ್ಜಿನಲ್ಲಿ ಕಾಗದವಿತ್ತು, ವಿದ್ವತ್ತಿತ್ತು. ಆದರೆ ಎಂಟುನೂರು ವರ್ಷಗಳ ಹಿಂದಿನ ಆ ಮನುಷ್ಯನನ್ನು ಅವನ ಮನೆಯವರು ಕರೆದಂತೆ ಕರೆಯಲು ಈ ಊರಿನ ಕಿವಿಯೇ ಬೇಕಾಯಿತು.

ಇನ್ನು ಬಾಸೆಲ್ ಮಿಶನ್ನಿನವರ ವಿಚಾರ. 1834ರಲ್ಲಿ ಅವರು ಮಂಗಳೂರಿಗೆ ಬಂದುದು, 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದುದು, 1865ರಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದುದು ಶಾಲೆಯ ಮಕ್ಕಳಿಗೂ ಗೊತ್ತು. ಅವರು ತೆಗೆದ ಛಾಯಾಚಿತ್ರಗಳು ಮಾತ್ರ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿವೆ. ನೇಯ್ಗೆಯ ಮನೆಗಳು, ಹಂಚಿನ ಕೆಲಸಗಾರರು, ಶಾಲೆಯ ಹುಡುಗಿಯರು, ಬೀದಿಗಳು ಎಲ್ಲವೂ ಅಲ್ಲಿನ ಪತ್ರಾಗಾರದ ಅಂತರ್ಜಾಲ ಭಂಡಾರದಲ್ಲಿ ಕಾಣಸಿಗುತ್ತವೆ. ಮಿಶನ್ನಿನ ಪಾದ್ರಿಯ ಹೆಸರು ಸಾಮಾನ್ಯವಾಗಿ ಚಿತ್ರದ ಕೆಳಗಿರುತ್ತದೆ. ಅವನ ಎದುರಿಗೆ ನಿಂತ ಕೆಲಸಗಾರನ ಹೆಸರು ಹೆಚ್ಚಾಗಿ ಇರುವುದಿಲ್ಲ.

ಮೂರನೆಯದು, ಬಂದರಿನಿಂದ ಗುಡ್ಡ ಹತ್ತಿದರೆ ಸಿಕ್ಕುವ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್. ಇಟಲಿಯ ಆಂತೋನಿಯೊ ಮೊಸ್ಕೇನಿ ಎಂಬ ಜೆಸ್ವಿಟ್ ಸಹೋದರ 1899ರಿಂದ 1901ರವರೆಗೆ ಅದರ ಗೋಡೆ ಮತ್ತು ಮಾಡುಗಳನ್ನು ಚಿತ್ರಗಳಿಂದ ತುಂಬಿದರು. ಒಮ್ಮೆ ತರಗತಿಯಲ್ಲಿ, ರೋಮಿನ ಸಿಸ್ಟೀನ್ ಚಾಪೆಲ್ಲಿನ ಮಾಡನ್ನು ಮೈಕೆಲಾಂಜೆಲೊ ಹೇಗೆ ಚಿತ್ರಿಸಿದನೆಂಬುದು ಯಾರಿಗೆ ಗೊತ್ತು ಎಂದು ಕೇಳಿದೆ. ಏಳೆಂಟು ಕೈಗಳು ಮೇಲೆದ್ದವು. 1508ರಿಂದ 1512ರವರೆಗೆ ಎಂದು ಇಸವಿಯನ್ನೂ ಒಬ್ಬ ಹುಡುಗಿ ಹೇಳಿದಳು, ಸಾಕ್ಷ್ಯಚಿತ್ರವೊಂದರಲ್ಲಿ ನೋಡಿದ್ದಳಂತೆ. ಗುಡ್ಡದ ಮೇಲಿನ ನಮ್ಮ ಚಾಪೆಲನ್ನು ಒಳಹೊಕ್ಕು ನೋಡಿದವರೆಷ್ಟು ಮಂದಿ ಎಂದಾಗ ಎದ್ದುದು ಎರಡು ಕೈ. ಆ ಹುಡುಗಿಯನ್ನು ನಾನು ದೂರಲಿಲ್ಲ. ರೋಮಿನ ಮಾಡನ್ನು ಕಂಡ ಕಣ್ಣು ಮುಂದಿನ ಭಾನುವಾರ ಮಂಗಳೂರಿನ ಮಾಡನ್ನು ಹೆಚ್ಚು ಚೆನ್ನಾಗಿ ಕಂಡಿತು. ಹಸಿ ಗಾರೆಯ ಮೇಲೆ ಬಣ್ಣ ಹಾಕುವುದರ ಕಷ್ಟ ಅವಳಿಗೆ ಆಗಲೇ ಗೊತ್ತಿತ್ತು. ನೋಡಿದ ಚಿತ್ರ ನಮ್ಮನ್ನು ಕುರ್ಚಿಯಿಂದ ಎಬ್ಬಿಸಿ ಹೊರಗೆ ಕಳುಹಿಸಿದರೆ ಅದರ ಕೆಲಸ ಸಾರ್ಥಕವಾಯಿತು.

ಕಣ್ಣನ್ನು ನಂಬಬಹುದೆ?

‘ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು’ ಎಂದು ನಮ್ಮಲ್ಲೊಂದು ಗಾದೆ. ಸಾಕ್ಷ್ಯಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ಮುನ್ನುಡಿ ಬೇಕಿಲ್ಲ. ಹೆಸರಿನಲ್ಲಿಯೇ ಸಾಕ್ಷ್ಯವೆಂದಿರುವುದರಿಂದ ತೆರೆಯ ಮೇಲೆ ಕಂಡುದೆಲ್ಲವೂ ಸತ್ಯವೆಂದು ನಂಬುವವರು ಹೆಚ್ಚು.

1922ರಲ್ಲಿ ರಾಬರ್ಟ್ ಫ್ಲಾಹರ್ಟಿ ತೆಗೆದ ‘ನಾನೂಕ್ ಆಫ್ ದಿ ನಾರ್ತ್’ ಚಿತ್ರವನ್ನು ಈ ಪ್ರಕಾರದ ಹಿರಿಯಣ್ಣನೆಂದು ಕರೆಯುವುದುಂಟು. ಹಿಮದ ನಾಡಿನ ಇನುಯಿಟ್ ಕುಟುಂಬವೊಂದರ ಬದುಕನ್ನು ಅದು ತೋರಿಸುತ್ತದೆ. ಆದರೆ ನಾನೂಕ್ ಎಂಬುದು ಆ ಮನುಷ್ಯನ ನಿಜವಾದ ಹೆಸರಾಗಿರಲಿಲ್ಲ. ಅವನ ಕಾಲದಲ್ಲಿ ಬಂದೂಕು ಬಳಕೆಗೆ ಬಂದಿದ್ದರೂ ಚಿತ್ರಕ್ಕಾಗಿ ಈಟಿ ಹಿಡಿಸಲಾಯಿತು. ಹಿಮದ ಗೂಡಿನೊಳಗೆ ಕ್ಯಾಮರಾಕ್ಕೆ ಬೆಳಕು ಸಾಲದೆಂದು ಒಂದು ಪಕ್ಕವೇ ಇಲ್ಲದ ಗೂಡನ್ನು ಕಟ್ಟಲಾಯಿತು. ಚಿತ್ರ ಸುಂದರವಾಗಿಯೇ ಇದೆ. ಆದರೆ ಅದರಲ್ಲಿರುವುದು ಆ ಜನ ಬದುಕುತ್ತಿದ್ದ ರೀತಿಯೇ ಅಥವಾ ಅವರು ಹಾಗೆ ಬದುಕುತ್ತಿರಬೇಕೆಂದು ಫ್ಲಾಹರ್ಟಿ ಬಯಸಿದ ರೀತಿಯೇ ಎಂದು ಕೇಳಿಕೊಂಡು ನೋಡಬೇಕು.

ಹೆಸರಿನ ತಪ್ಪಿಗೆ ಇದಕ್ಕಿಂತಲೂ ಸ್ವಾರಸ್ಯವಾದ ಉದಾಹರಣೆ ನಮ್ಮ ದೇಶದ್ದೇ ಇದೆ. ಭಾರತದಲ್ಲಿ ತೆಗೆದು ಇಂದಿಗೂ ಉಳಿದಿರುವ ಚಿತ್ರಗಳಲ್ಲಿ ಅತ್ಯಂತ ಹಳೆಯದೆಂದು ಹೇಳುವ 1899ರ ತುಣುಕಿನ ಹೆಸರು ‘ಪನೋರಮಾ ಆಫ್ ಕಲ್ಕತ್ತ’. ಅದನ್ನು ನೋಡುತ್ತ ಹೋದರೆ ಕಾಣುವುದು ಕಲಕತ್ತೆಯಲ್ಲ, ಕಾಶಿಯ ಘಾಟುಗಳು! ಕಾಶಿಗೆ ಹೋಗಿ ಬಂದ ಯಾವ ಅಜ್ಜಿಯನ್ನು ಕೇಳಿದ್ದರೂ ಒಂದು ನಿಮಿಷದಲ್ಲಿ ಹೇಳುತ್ತಿದ್ದಳು. ಚಿತ್ರಕ್ಕೆ ಹೆಸರಿಟ್ಟವರಿಗೆ ಅಜ್ಜಿಯನ್ನು ಕೇಳುವ ಸಂದರ್ಭ ಬರಲಿಲ್ಲ.

ಇಂದಿನ ಅಂತರ್ಜಾಲದಲ್ಲಿ ಈ ಅಪಾಯ ನೂರ್ಮಡಿಯಾಗಿದೆ. ‘ಹಂಪಿಯ ಭಯಂಕರ ರಹಸ್ಯ!’, ‘ವಿಜ್ಞಾನಿಗಳೇ ಬೆಚ್ಚಿಬಿದ್ದರು!’ ಎಂಬ ತಲೆಬರಹಗಳ ಹಿಂದೆ ಹೋದರೆ ಹಂಪಿಯೂ ಇರುವುದಿಲ್ಲ, ವಿಜ್ಞಾನಿಯೂ ಇರುವುದಿಲ್ಲ. ಯಂತ್ರ ಬರೆದ ಮಾತಿಗೆ ಯಂತ್ರದ ದನಿ, ಬೇರೆಲ್ಲಿಯದೋ ಗುಡಿಯ ಚಿತ್ರ. ಹಂಪಿಯ ನಿಜವಾದ ಕಥೆ ಈ ರಹಸ್ಯಗಳಿಗಿಂತ ಸ್ವಾರಸ್ಯವಾಗಿದೆ. ಐವತ್ತು ರೂಪಾಯಿಯ ನೋಟಿನ ಮೇಲೆ ಅಚ್ಚಾಗಿರುವ ಕಲ್ಲಿನ ರಥವನ್ನು ನಾವೆಲ್ಲರೂ ಬಲ್ಲೆವು. ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ 1856ರಲ್ಲಿ ತೆಗೆದ ಛಾಯಾಚಿತ್ರದಲ್ಲಿ ಅದೇ ರಥದ ಮೇಲೆ ಇಟ್ಟಿಗೆಯ ಗೋಪುರವೊಂದಿದೆ. ಮುಂದೆ ಅದನ್ನು ತೆಗೆದುಹಾಕಲಾಯಿತು. ನಮ್ಮ ಕಿಸೆಯಲ್ಲಿರುವ ರಥ ಗೋಪುರವನ್ನು ಕಳೆದುಕೊಂಡ ರಥವೆಂದು ತಿಳಿಸುವುದಕ್ಕೆ ಒಂದು ಹಳೆಯ ಚಿತ್ರವೇ ಬೇಕಾಯಿತು. ಆದುದರಿಂದ ಹಳೆಯ ಚಿತ್ರವನ್ನು ಸಂದೇಹಿಸಲೂ ಬೇಕು, ಅದರಿಂದ ಕಲಿಯಲೂ ಬೇಕು. ಯಾರು ತೆಗೆದರು, ಯಾವ ವರ್ಷ, ಯಾವ ಊರು, ಯಾರ ಹಣದಿಂದ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡದ ಚಿತ್ರವನ್ನು ಕಥೆಯೆಂದು ನೋಡಬಹುದೇ ಹೊರತು ಸಾಕ್ಷ್ಯವೆಂದು ಸ್ವೀಕರಿಸಬಾರದು.

ಸಿರಿಯ ಆರು ದಿನ

ಹಾಗಾದರೆ ಒಳ್ಳೆಯ ದಾಖಲೆ ಹೇಗಿರಬೇಕು? ನಮ್ಮ ಜಿಲ್ಲೆಯಲ್ಲಿಯೇ ಅದಕ್ಕೆ ಒಂದು ಮಾದರಿಯಿದೆ. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ ಅವರು ಮಂಗಳೂರಿನ ವಿದ್ವಾಂಸರಾದ ವಿವೇಕ ರೈ, ಕೆ. ಚಿನ್ನಪ್ಪ ಗೌಡರೊಡನೆ ಸೇರಿ ತುಳುವಿನ ‘ಸಿರಿ’ ಮಹಾಕಾವ್ಯವನ್ನು ದಾಖಲಿಸಿದರು. ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ಆರು ದಿನ ಅದನ್ನು ಹಾಡಿದರು. ಬರೆದಾಗ ಅದು 15,683 ಸಾಲುಗಳಾಯಿತು. ಹೋಮರನ ಇಲಿಯಡ್ ಕಾವ್ಯದ ಸಾಲುಗಳ ಸಂಖ್ಯೆ 15,693. ಹತ್ತು ಸಾಲುಗಳ ಅಂತರ! ಒಬ್ಬ ಕೃಷಿಕನ ನಾಲಗೆಯ ಮೇಲೆ ಇಲಿಯಡ್ಡಿನಷ್ಟು ದೊಡ್ಡ ಕಾವ್ಯವಿತ್ತೆಂಬುದನ್ನು 1998ರಲ್ಲಿ ಪ್ರಕಟವಾದ ಸಂಪುಟಗಳು ಲೋಕಕ್ಕೆ ತಿಳಿಸಿದವು.

ಈ ದಾಖಲೆಯ ಹೆಚ್ಚಳವಿರುವುದು ಅದರ ಗಾತ್ರದಲ್ಲಿ ಮಾತ್ರವಲ್ಲ. ಗ್ರಂಥದ ಹೆಸರಿನಲ್ಲಿಯೇ ಗೋಪಾಲ ನಾಯ್ಕರ ಹೆಸರಿದೆ. ಹಾಡಿದವರಾರು, ಯಾವ ಊರು, ಯಾವ ತಿಂಗಳು ಎಂಬುದು ಸ್ಪಷ್ಟವಾಗಿದೆ. ದೂರದೇಶದ ಯಂತ್ರವೂ ಈ ನೆಲದ ಭಾಷಾಜ್ಞಾನವೂ ಒಂದೇ ಚಾಪೆಯ ಮೇಲೆ ಕುಳಿತಾಗ ಆದ ಕೆಲಸವದು. 2022ರಲ್ಲಿ ‘ಕಾಂತಾರ’ ಚಿತ್ರ ತೆರೆಕಂಡ ಮೇಲೆ ಭೂತಕೋಲವನ್ನು ಕುರಿತ ದೃಶ್ಯಗಳು ಅಂತರ್ಜಾಲದಲ್ಲಿ ಮಳೆಗಾಲದ ಅಣಬೆಗಳಂತೆ ಎದ್ದಿವೆ. ಅವುಗಳಲ್ಲಿ ಎಷ್ಟರಲ್ಲಿ ಕೋಲ ಕಟ್ಟಿದವರ ಹೆಸರಿದೆ, ಪಾಡ್ದನ ಹೇಳಿದ ಹೆಂಗಸಿನ ಹೆಸರಿದೆ? ಚಿತ್ರೀಕರಣಕ್ಕೆ ಒಪ್ಪಿಗೆಯಿಲ್ಲದ ಸ್ಥಾನಗಳೂ ಉಂಟು. ಆ ಮಾತನ್ನು ಎಷ್ಟು ಮಂದಿ ಗೌರವಿಸಿದ್ದಾರೆ? ನೋಡುವವರು ಇದನ್ನು ಕೇಳಲು ತೊಡಗಿದರೆ ತೆಗೆಯುವವರೂ ತಿದ್ದಿಕೊಳ್ಳುತ್ತಾರೆ.

ಬೆಂಗ್ರೆಯ ಅಜ್ಜರು

ಇಷ್ಟೆಲ್ಲ ಹೇಳಿದ ಮೇಲೆ, ಮನೆಯವರು ಮಾಡಬಹುದಾದುದೇನು ಎಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಉತ್ತರವನ್ನು ನಾನು ಪುಸ್ತಕದಿಂದ ಕಲಿತುದಲ್ಲ. ನನ್ನ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಕಂಡೆ. ಬಂದರಿನಿಂದ ದೋಣಿ ದಾಟಿದರೆ ಬೆಂಗ್ರೆ. ಆ ಹುಡುಗನ ಮನೆಗೆ ಊಟಕ್ಕೆ ಹೋದ ದಿನ, ಅವನು ಅಂತರ್ಜಾಲದಲ್ಲಿ ಹುಡುಕಿಟ್ಟಿದ್ದ ಹಳೆಯ ಚಿತ್ರದ ತುಣುಕೊಂದನ್ನು ಟೀವಿಗೆ ಹಾಕಿದ. ಪಶ್ಚಿಮ ಕರಾವಳಿಯ ಯಾವುದೋ ತೀರದಲ್ಲಿ ಜನ ಬಲೆ ಎಳೆಯುವ ದೃಶ್ಯ. ಶಬ್ದವಿಲ್ಲ. ಕೆಳಗೆ ಇಂಗ್ಲಿಷಿನಲ್ಲಿ, ಬೆಸ್ತರು ಬಲೆ ಎಳೆಯುತ್ತಿರುವುದು ಎಂಬಷ್ಟೇ ಅರ್ಥದ ಒಂದು ಸಾಲು.

ಮೂಲೆಯಲ್ಲಿ ಕುಳಿತಿದ್ದ ಅವನ ಅಜ್ಜ ಎದ್ದು ಟೀವಿಯ ಹತ್ತಿರಕ್ಕೆ ಬಂದರು. ಅವರಿಗೆ ವಯಸ್ಸು ಎಂಬತ್ತೇಳು.

“ಇದು ಬರೀ ಬಲೆಯಲ್ಲ ಮಗಾ, ರಂಪಣಿ” ಎಂದರು.

“ರಂಪಣಿ ಎಂದರೇನು ಅಜ್ಜೇರೆ?” ಎಂದು ಮೊಮ್ಮಗ ಕೇಳಿದ.

ಅಲ್ಲಿಂದ ಮುಂದಕ್ಕೆ ವ್ಯಾಖ್ಯಾನ ಅಜ್ಜರದು. ದೋಣಿಯೊಂದು ಬಲೆಯನ್ನು ಇಳಿಸುತ್ತ ಕಡಲಿನಲ್ಲಿ ಸುತ್ತು ಬರುವುದು, ಎರಡು ತುದಿಗಳನ್ನೂ ದಡದಲ್ಲಿ ಹತ್ತಾರು ಮಂದಿ ಹಿಡಿದು ಎಳೆಯುವುದು, ಹಗ್ಗದ ಮುಂದೆ ನಿಲ್ಲುವವರಾರು, ಹಿಂದೆ ನಿಲ್ಲುವವರಾರು, ಪಾಲು ಹಂಚುವ ಕ್ರಮವೇನು, ಕೈಲಾಗದವರ ಮನೆಗೆ ಮೀನು ಕಳುಹಿಸುತ್ತಿದ್ದುದು ಹೇಗೆ ಎಂದು ಒಂದೊಂದನ್ನೇ ಬಿಡಿಸಿ ಹೇಳಿದರು. 1970ರ ದಶಕದ ಕೊನೆಯಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ರಂಪಣಿ ಹಿಂದೆ ಸರಿದುದನ್ನೂ ಹೇಳಿದರು. ತೆರೆಯ ಮೇಲಿನ ಜನ ಒಟ್ಟಿಗೆ ಹಿಂದಕ್ಕೆ ಬಾಗಿದಾಗ, ಇಲ್ಲಿ ಒಂದು ಕೂಗು ಇರುತ್ತದೆ ಎಂದು ತಾವೇ ಆ ಕೂಗನ್ನು ಕೂಗಿದರು. ಅಡಿಗೆಮನೆಯಿಂದ ಹೆಂಗಸರು ಹೊರಗೆ ಬಂದರು. ಮೂಕವಾಗಿದ್ದ ಚಿತ್ರಕ್ಕೆ ಆ ಕ್ಷಣ ಬಾಯಿ ಬಂದಿತು.

ಹುಡುಗ ಇದನ್ನೆಲ್ಲ ತನ್ನ ಮೊಬೈಲಿನಲ್ಲಿ ತುಂಬಿಕೊಂಡ. ಸುಮಾರು ಇಪ್ಪತ್ತು ನಿಮಿಷ. ತನ್ನ ಅಜ್ಜ ಹುಡುಗನಾಗಿದ್ದಾಗ ರಂಪಣಿ ಎಳೆದವರೆಂಬುದು ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದ ಅವನಿಗೆ ಅಂದಿನವರೆಗೆ ತಿಳಿದಿರಲಿಲ್ಲ. ಕೇಳಿದವರಿಲ್ಲವಾದುದರಿಂದ ಅಜ್ಜರೂ ಹೇಳಿರಲಿಲ್ಲ.

ಮನೆಯಲ್ಲಿ ನೋಡುವ ಬಗೆ

ನಮ್ಮ ವಾಚಕರಲ್ಲಿ ನನ್ನ ಸೂಚನೆಗಳು ಹೆಚ್ಚಿಲ್ಲ. ವಾರಕ್ಕೆ ಒಂದು ಸಂಜೆ, ಇಪ್ಪತ್ತು-ಮೂವತ್ತು ನಿಮಿಷದ ಒಂದೇ ಚಿತ್ರ ಸಾಕು. ಒಂದು ಮುಗಿಯುವ ಮೊದಲೇ ಇನ್ನೊಂದನ್ನು ತಾನಾಗಿ ಎದುರಿಗೆ ತಳ್ಳುವ ಯಂತ್ರದ ಉಪಚಾರಕ್ಕೆ ಮರುಳಾಗಬೇಡಿ. ಹಬ್ಬದ ಊಟದಲ್ಲಿ ಬಡಿಸುವವನು ಬಿಡದೆ ಬಡಿಸಿದರೆ ನಾವು ಎಲೆಯ ಮೇಲೆ ಕೈ ಅಡ್ಡ ಹಿಡಿಯುವುದಿಲ್ಲವೆ? ಸರಕಾರದ, ವಿಶ್ವವಿದ್ಯಾನಿಲಯದ, ವಸ್ತುಸಂಗ್ರಹಾಲಯಗಳ ಅಧಿಕೃತ ಚಾನೆಲುಗಳನ್ನೇ ಮೊದಲು ನೋಡಿ. ನಿರ್ದೇಶಕರ ಹೆಸರು, ವರ್ಷ ಇಲ್ಲದುದನ್ನು ಬದಿಗಿಡಿ. ಮೊಬೈಲಿನ ಅಂಗೈಯಗಲದ ತೆರೆಯಲ್ಲಿ ಒಬ್ಬೊಬ್ಬರೇ ನೋಡುವುದಕ್ಕಿಂತ ಟೀವಿಯಲ್ಲಿ ಎಲ್ಲರೂ ಕುಳಿತು ನೋಡುವುದು ಮೇಲು. ಜಾನ್ ಬರ್ಜರ್ ಅವರು 1972ರಲ್ಲಿ ಬಿ.ಬಿ.ಸಿ.ಗಾಗಿ ಮಾಡಿದ ನಾಲ್ಕು ಕಂತುಗಳ ‘ವೇಸ್ ಆಫ್ ಸೀಯಿಂಗ್’ ಮಾಲಿಕೆಯಲ್ಲಿ ಒಂದೇ ವರ್ಣಚಿತ್ರವನ್ನು ಬೇರೆ ಬೇರೆ ಸಂಗೀತದೊಡನೆ ತೋರಿಸಿ, ಸಂಗೀತ ಬದಲಾದೊಡನೆ ಚಿತ್ರದ ಅರ್ಥವೂ ಬದಲಾಗುವುದನ್ನು ಕಾಣಿಸಿದ್ದಾರೆ. ಇದನ್ನು ಮಕ್ಕಳೇ ಪ್ರಯೋಗ ಮಾಡಿ ನೋಡಬಹುದು. ಒಮ್ಮೆ ಶಬ್ದವನ್ನು ಪೂರ್ತಿಯಾಗಿ ನಿಲ್ಲಿಸಿ ನೋಡಿ. ಕಣ್ಣು ಎಷ್ಟು ಹೆಚ್ಚು ಕಾಣುತ್ತದೆಂಬುದು ಗೊತ್ತಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಹಿರಿಯರನ್ನು ಜೊತೆಗೆ ಕೂರಿಸಿಕೊಳ್ಳಿ. ಭಾಷೆ ತಿಳಿಯದಿದ್ದರೆ ಮಕ್ಕಳು ಕನ್ನಡದಲ್ಲಿ ಹೇಳಲಿ. ಈ ಚಿತ್ರಗಳಲ್ಲಿ ಬಹುಪಾಲು ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಇರುವುದು ನಮ್ಮ ಕೊರತೆಯೇ ಸರಿ. ಆದರೆ ಪ್ರತಿಯೊಂದು ಮನೆಯಲ್ಲಿಯೂ ಕನ್ನಡದ ವ್ಯಾಖ್ಯಾನಕಾರರು ಇದ್ದಾರೆ. ಅಜ್ಜಿ ‘ಇದು ಹಾಗಲ್ಲ’ ಎಂದೊಡನೆ ಚಿತ್ರವನ್ನು ನಿಲ್ಲಿಸಿ. ಅವಳು ಹೇಳಿದುದನ್ನು ಬರೆದುಕೊಳ್ಳಿ, ಇಲ್ಲವೇ ಮೊಬೈಲಿನಲ್ಲಿ ತುಂಬಿಕೊಳ್ಳಿ. ಯಾರು ಹೇಳಿದರು, ಯಾವ ದಿನ, ಯಾವ ಊರಿನ ವಿಷಯ ಎಂಬುದನ್ನು ಮೊದಲ ಮಾತಾಗಿ ಸೇರಿಸಿ. ಅದನ್ನು ಮೊಬೈಲೊಂದರಲ್ಲಿಯೇ ಬಿಡದೆ ಇನ್ನೆರಡು ಕಡೆ ಇಟ್ಟುಕೊಳ್ಳಿ. ಇಟ್ಟುಕೊಳ್ಳದಿದ್ದರೆ ಆಗುವ ನಷ್ಟ ನಮಗೆ ತಿಳಿಯದುದಲ್ಲ. ಭಾರತದಲ್ಲಿ ತಯಾರಾದ 1300ಕ್ಕೂ ಮಿಕ್ಕ ಮೂಕಿ ಚಿತ್ರಗಳಲ್ಲಿ ಪೂರ್ತಿಯಾಗಿಯೋ ತುಣುಕಾಗಿಯೋ ಇಂದು ಉಳಿದಿರುವುದು ತೀರ ಸ್ವಲ್ಪ. ತೆಗೆದವರಾರೂ ಕಳೆಯಲೆಂದು ತೆಗೆದುದಲ್ಲ. ಇಟ್ಟುಕೊಳ್ಳುವ ಕೆಲಸ ಬೇರೆ ಯಾರದೋ ಎಂದು ಎಲ್ಲರೂ ಭಾವಿಸಿದ್ದರು.

ಬಂದರಿನಲ್ಲಿ ಈ ಕೆಲಸಕ್ಕೆ ವಿಷಯ ಬೇಕಾದಷ್ಟಿದೆ. ಹಂಚಿನ ಮಾಡಿನ ಹಳೆಯ ಗೋದಾಮುಗಳು ಒಂದೊಂದಾಗಿ ಕೆಳಗಿಳಿಯುತ್ತಿವೆ. ಹಾಯಿಯ ಮಂಜಿಗಳ ಕಾಲ ಮುಗಿದು ಯಂತ್ರದ ಮಂಜಿಗಳು ಬಂದು ಎಷ್ಟೋ ವರ್ಷಗಳಾದವು. ಝೀನತ್ ಬಕ್ಷ್ ಮಸೀದಿಯ ಮರದ ಕಂಬಗಳ ಕೆತ್ತನೆಯನ್ನು ಕುರಿತು, ಮಂಡಿಯ ಲೆಕ್ಕದ ಪುಸ್ತಕಗಳನ್ನು ಕುರಿತು, ಮಳೆಗಾಲಕ್ಕೆ ಮಂಜಿಗಳು ದ್ವೀಪದ ಪಯಣವನ್ನು ನಿಲ್ಲಿಸುವ ಕಟ್ಟಳೆಯನ್ನು ಕುರಿತು ಹೇಳಬಲ್ಲವರು ಇನ್ನೂ ಇದ್ದಾರೆ. ಸಂಜೆಯ ಹೊತ್ತು ಅಂಗಡಿಯ ಮುಂದಿನ ಬೆಂಚಿನ ಮೇಲೆ ಅವರು ಸಿಕ್ಕುತ್ತಾರೆ.

ಬೆಂಗ್ರೆಯ ಹುಡುಗ ಆ ಇಪ್ಪತ್ತು ನಿಮಿಷಗಳ ಮಾತನ್ನು ಈಗ ಕನ್ನಡಕ್ಕೆ ಬರೆದು ಮುಗಿಸಿದ್ದಾನೆ. ಎರಡು ಹಗ್ಗಗಳ ಹೆಸರು ಮಾತ್ರ ಸರಿಯಾಗಿ ಕೇಳಿಸಿಲ್ಲವಂತೆ. ಬರುವ ಭಾನುವಾರ ಅಜ್ಜರನ್ನು ಪುನಃ ಕೂರಿಸಿ ಕೇಳುತ್ತಾನಂತೆ.